ಪ್ರಯಾಡಿಕರ ಗಬದಕ್ಕೆ

ದೂರು ಬರೆದಾತನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ನೂರನೇ ನಂಬರಿನ ಬಸ್ಸು ಹಿಡಿದು ನಾಲ್ಕು ಸ್ಟಾಪು ಆಚೆಯ ತಂಗಿಯ ಮನೆಗೆ ಹೋಗಬೇಕಿತ್ತು, ಅಷ್ಟೆ. ನಿಲ್ದಾಣದ ಮೈಕು "ದೂರದೇ ದಬ್ಬರಿದ ಬಸ್ಸು" ಎಂದು ಕೂಗಿತು. ಯಾವುದೋ ದೂರದ ಊರಿನ ಬಸ್ಸಿರಬೇಕೆಂದು, ಆ ನಿಲ್ದಾಣಕ್ಕೆ ಹೊಸಬನಾದ ಆತ ಕೂತೇ ಇದ್ದ. ಹಾಗೆ ಮೂರು ಬಸ್ಸು ಹೋದ ಮೇಲೆ ಎದ್ದು, ಎರಡು ಪುಟ ತುಂಬ ಬರೆದು ಪೆಟ್ಟಿಗೆಗೆ ಹಾಕಿ, ನಡೆದೇ ಹೋದ.

ಹೀಗೆ ನೂರು ಎಂಬುದು ದೂರಾಗಿ, ದೂರು ಕಾಗದಕ್ಕಿಳಿದು, ಹೊಸದಾಗಿ ಬಂದಿದ್ದ ದೊಡ್ಡ ಸಾಹೇಬರ ಮೇಜಿನ ತನಕ ಹೋಯಿತು. ಮರುವಾರ ಒಂದು ಬೆಳಿಗ್ಗೆ ನಿಲ್ದಾಣದ ಕಂಟ್ರೋಲರು ಘೋಷಕನ ಮನೆಗೇ ಫೋನು ಮಾಡಿದರು.

"ನೋಡಪ್ಪ, ಸಾಹೇಬರು ಇವತ್ತು ನಾಲ್ಕು ಗಂಟೆಗೆ ಬರ್ತಾರೆ. ನಿನ್ನ ದನಿ ಕೇಳ್ತಾರಂತೆ. ಸರಿ ಅನ್ನಿಸಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಲಗೇಜ್ ಕೋಣೆ."

"ಇವತ್ತೇದಾ ಸಾರ್?"

"ಇವತ್ತೇ. ಆ ಮೂಗಿಗೆ ಏನಾದ್ರೂ ಮಾಡು ಮಾರಾಯ!"

ಘೋಷಕನ ಮೂಗು ಕಟ್ಟಿ ಎಷ್ಟೋ ವರ್ಷವಾಗಿತ್ತು. ಬಲ ಹೊಳ್ಳೆ ತೆರೆದರೆ ಎಡ ಹೊಳ್ಳೆ ಮುಚ್ಚುತ್ತಿತ್ತು, ಇಬ್ಬರು ಕಾವಲುಗಾರರು ಪಾಳಿ ಬದಲಾಯಿಸಿದ ಹಾಗೆ. ಮುಖ್ಯವಾದ ದಿನಗಳಲ್ಲಿ ಇಬ್ಬರೂ ಒಟ್ಟಿಗೇ ಬಾಗಿಲು ಹಾಕುತ್ತಿದ್ದರು. ಮದುವೆಯಲ್ಲಿ ಮಾವನ ಕಾಲಿಗೆ ಬಿದ್ದು "ಬಾವ, ಆಶೀರ್ವಾದ ಬಾಡಿ" ಎಂದಿದ್ದ. ಮಾವ ಇಂದಿಗೂ ಅದನ್ನು ಮರೆತಿಲ್ಲ. ನಿಲ್ದಾಣದಲ್ಲಿ ಎಲ್ಲರೂ ಅವನನ್ನು 'ಬೂಗಣ್ಣ' ಎಂದೇ ಕರೆಯುತ್ತಿದ್ದರು.

ಆದರೆ ಮೈಕೆಂದರೆ ಬೂಗಣ್ಣನಿಗೆ ಪ್ರಾಣ. ಗಾಜಿನ ಗೂಡಿನೊಳಗೆ ಕೂತು ಅವನು ಒಂದು ಮಾತು ಆಡಿದರೆ ಹೊರಗೆ ಇನ್ನೂರು ಜನ ಏಳುತ್ತಿದ್ದರು, ಚೀಲ ಹೆಗಲಿಗೇರಿಸುತ್ತಿದ್ದರು, ಮಕ್ಕಳ ಕೈ ಹಿಡಿದು ಓಡುತ್ತಿದ್ದರು. ಮನೆಯಲ್ಲಿ ಅವನ ಮಾತಿಗೆ ಬೆಕ್ಕೂ ಏಳುತ್ತಿರಲಿಲ್ಲ. ಹತ್ತು ವರ್ಷದಿಂದ ಹಂಗಾಮಿಯಾಗಿದ್ದರೂ ಆ ಗೂಡು ಬಿಟ್ಟು ಬೇರೆ ಕೆಲಸ ಹುಡುಕುವ ಯೋಚನೆ ಅವನಿಗೆ ಬಂದಿರಲಿಲ್ಲ.

"ಡಾಕ್ಟರಿಗೆ ತೋರಿಸ್ಕೊಳ್ಳಿ ಅಂತ ಬಾಯಿ ನೋಯೋ ತನಕ ಹೇಳಿದೆ," ಎಂದಳು ಹೆಂಡತಿ. "ಈಗ ಬನ್ನಿ, ಹಬೆ ತಗೊಳ್ಳಿ."

ಕುದಿಯುವ ನೀರಿನ ಪಾತ್ರೆಯ ಮೇಲೆ ಬಗ್ಗಿಸಿ, ತಲೆಯ ಮೇಲೆ ದಪ್ಪ ಕಂಬಳಿ ಹೊದಿಸಿದಳು. ಬೇಗ ಗುಣವಾಗಲೆಂಬ ಆಸೆಗೆ ಬೂಗಣ್ಣ ಇನ್ನೂ ನಾಲ್ಕು ಬೆರಳು ಹೆಚ್ಚೇ ಬಗ್ಗಿದ. ಮೂಗಿನ ತುದಿ ಸುಟ್ಟು ಟೊಮೇಟೊ ಹಣ್ಣಿನಂತಾಯಿತು. ಮುಚ್ಚಿದ ಬಾಗಿಲು ಮಾತ್ರ ತೆರೆಯಲಿಲ್ಲ. ಬಾಗಿಲ ಸಂದಿಯಿಂದ ನೀರು ಸೋರತೊಡಗಿತು.

ನಿಲ್ದಾಣಕ್ಕೆ ಬಂದಾಗ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಟಿಕೆಟ್ ಕೌಂಟರಿನ ಗುಮಾಸ್ತ ಕೌಂಟರು ಮುಚ್ಚಿಯೇ ಕಾಯುತ್ತಿದ್ದ. ಅವನೂ ಹತ್ತು ವರ್ಷದ ಹಂಗಾಮಿ. ಇಬ್ಬರದೂ ಒಂದೇ ಊಟದ ಬೆಂಚು.

"ಹಬೆಯಿಂದೆಲ್ಲ ಆಗಲ್ಲ ಬೂಗಣ್ಣ. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ತಂದಿದೀನಿ. ಒಂದು ಹೊಳ್ಳೇಲಿ ಬಿಟ್ರೆ ಇನ್ನೊಂದ್ರಲ್ಲಿ ಬರುತ್ತೆ. ಎಲ್ಲ ತೊಳೆದು ಹೋಗುತ್ತೆ."

"ಬರದಿದ್ರೆ?"

"ಬರದೆ ಎಲ್ಲಿಗೆ ಹೋಗುತ್ತೆ? ಕತ್ತು ವಾರೆ ಮಾಡು."

ಕ್ಯಾಂಟೀನಿನ ಕೈ ತೊಳೆಯುವ ತೊಟ್ಟಿಯ ಹತ್ತಿರ ಬೂಗಣ್ಣ ಕತ್ತು ವಾರೆ ಮಾಡಿದ. ನೀರು ಒಂದು ಹೊಳ್ಳೆಯಿಂದ ಒಳಗೆ ಹೋಯಿತು, ಎದುರಿನ ಹೊಳ್ಳೆ ಮುಚ್ಚಿದ್ದು ಕಂಡು ಸ್ವಲ್ಪ ಹೊತ್ತು ಯೋಚಿಸಿತು, ಆಮೇಲೆ ಬಾಯಿಯಿಂದ ಕಾರಂಜಿಯ ಹಾಗೆ ಚಿಮ್ಮಿ, ಆಗಷ್ಟೇ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಕಂಡಕ್ಟರನ ಎದೆಗೆ ಬಿತ್ತು. ಕಂಡಕ್ಟರ್ ಬಯ್ಯಬೇಕಾಗಿತ್ತು, ಅದಕ್ಕೆ ಬದಲು ಅವನೂ ಒಂದು ಔಷಧಿ ಹೇಳಿದ.

ಕಸ ಗುಡಿಸುವ ಅಜ್ಜಿ ಔಷಧಿ ಹೇಳುತ್ತ ಕೂರುವವಳಲ್ಲ. ಸೊಂಟದ ಚೀಲದಿಂದ ಮುಲಾಮಿನ ಡಬ್ಬಿ ತೆಗೆದವಳೇ ಅವನ ಮೂಗು, ಹಣೆ, ಕೆನ್ನೆಗಳಿಗೆಲ್ಲ ಗೋಡೆಗೆ ಸುಣ್ಣ ಬಳಿದಂತೆ ಬಳಿದಳು. ಕಣ್ಣಿನಿಂದ ಧಾರಾಕಾರ ನೀರು. ಅದೇ ಹೊತ್ತಿಗೆ ಹನ್ನೆರಡನೇ ನಂಬರಿನ ಬಸ್ಸು ಹೊರಡುವುದಿತ್ತು. ಬಿಕ್ಕುತ್ತ, ಮೂಗು ಸೊರಸೊರ ಎಳೆಯುತ್ತ ಬೂಗಣ್ಣ ಘೋಷಿಸಿದ. ಅದನ್ನು ಕೇಳಿ ಒಬ್ಬ ಮುದುಕಿ ಗಾಜಿನ ಕಿಟಕಿಗೆ ಬಂದು ಮೆಲ್ಲಗೆ ಕೇಳಿದಳು:

"ಯಾರು ಹೋದ್ರಪ್ಪ?"

"ಹದ್ದೆರಡದೇ ದಬ್ಬರು ಹೋಯ್ತು ಅಜ್ಜಿ."

"ಅಯ್ಯೋ, ದಬ್ಬರಾ? ಎಷ್ಟು ವಯಸ್ಸಾಗಿತ್ತು?"

ಎರಡು ಗಂಟೆಗೆ ಬೂಗಣ್ಣ ರಜೆ ಚೀಟಿಯನ್ನೂ ಕೊಡದೆ ಮೂಗಿನ ಡಾಕ್ಟರ ಬಳಿಗೆ ಓಡಿದ. ಡಾಕ್ಟರು ಹೊಳ್ಳೆಯೊಳಗೆ ಬೆಳಕು ಬಿಟ್ಟು, ಬಾವಿಗೆ ಬಿದ್ದ ಬಿಂದಿಗೆ ಹುಡುಕುವವರಂತೆ ಬಹಳ ಹೊತ್ತು ಇಣುಕಿದರು.

"ಒಳಗಿನ ಗೋಡೆ ಸೊಟ್ಟಗಿದೆ. ಜೊತೆಗೆ ಅಲರ್ಜಿಯೂ ಇರೋ ಹಾಗಿದೆ. ಪರೀಕ್ಷೆ ಮಾಡಿಸೋಣ. ದಿನಾ ಹಾಕ್ಕೊಳ್ಳೋ ಒಂದು ಸ್ಪ್ರೇ ಕೊಡ್ತೀನಿ, ಎರಡು ಮೂರು ವಾರದಲ್ಲಿ ಗುಣ ಕಾಣುತ್ತೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಆಪರೇಷನ್ ಮಾಡಿ ಗೋಡೆ ನೆಟ್ಟಗೆ ಮಾಡೋಣ."

"ಡಾಕ್ಟ್ರೇ, ದದಗೆ ದಾಲ್ಕು ಗಟ್ಟೆಗೆ ಬೇಕು."

"ಯಾವ ತಿಂಗಳು?"

"ಇವತ್ತು!"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಅವನ ಟೊಮೇಟೊ ಮೂಗು ನೋಡಿ ಮನಸ್ಸು ಕರಗಿ, ಒಂದು ಪುಟ್ಟ ಬಾಟಲಿಯಿಂದ ಎರಡೆರಡು ಹನಿ ಬಿಟ್ಟರು. "ಇದು ತಾತ್ಕಾಲಿಕ, ತಿಳೀತಾ? ಇದನ್ನೇ ನೆಚ್ಚಿಕೊಂಡು ದಿನಾ ಹಾಕಿದ್ರೆ ಮೂಗು ಇನ್ನೂ ಕೆಡುತ್ತೆ. ಮುಂದಿನ ವಾರ ಬನ್ನಿ."

ಹತ್ತು ನಿಮಿಷಕ್ಕೆ ಎರಡೂ ಹೊಳ್ಳೆಗಳು ಪಟ್ಟನೆ ತೆರೆದವು. ರಸ್ತೆಯಲ್ಲಿ ನಿಂತು ಬೂಗಣ್ಣ ಗಾಳಿ ಎಳೆದುಕೊಂಡ. ಡೀಸೆಲ್ಲಿನ ವಾಸನೆ, ಒದ್ದೆ ಗೋಣಿಯ ವಾಸನೆ, ಯಾರದೋ ಸಾಬೂನಿನ ವಾಸನೆ! ಮೆಲ್ಲಗೆ "ಮನೆ" ಎಂದ. "ನಾನು" ಎಂದ. "ಮಾವ" ಎಂದು ಜೋರಾಗಿಯೇ ಅಂದಾಗ ಎದುರಿಗೆ ಬರುತ್ತಿದ್ದ ಹಿರಿಯರೊಬ್ಬರು ಗಾಬರಿಯಿಂದ ಪಕ್ಕಕ್ಕೆ ಸರಿದರು. ಅವನ ಕಣ್ಣಲ್ಲಿ ಮತ್ತೆ ನೀರು ಬಂತು, ಈ ಸಲ ಮುಲಾಮಿನಿಂದಲ್ಲ. ಹೆಂಡತಿಗೆ ಫೋನು ಮಾಡಿದ.

"ನಾನು ಕಣೇ!"

"ಯಾರು ಬೇಕಾಗಿತ್ತು? ಅವರು ಮನೇಲಿಲ್ಲ," ಎಂದು ಹೆಂಡತಿ ಫೋನಿಟ್ಟಳು.

ನಾಲ್ಕಕ್ಕೆ ಸರಿಯಾಗಿ ದೊಡ್ಡ ಸಾಹೇಬರು ಬಂದು ಕಂಟ್ರೋಲರ ಜೊತೆ ಗಾಜಿನ ಗೂಡಿನ ಪಕ್ಕದಲ್ಲಿ ನಿಂತರು. ಬೂಗಣ್ಣ ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ. ನೂರನೇ ನಂಬರಿನ ಬಸ್ಸು ಮೂರನೇ ಅಂಕಣದಿಂದ ಇನ್ನು ಐದು ನಿಮಿಷದಲ್ಲಿ ಹೊರಡಲಿದೆ."

ಹಾಲಿನಲ್ಲಿ ಸಕ್ಕರೆ ಕರಗಿದಂಥ ದನಿ. ಕಂಟ್ರೋಲರು ಬಾಯಿ ತೆರೆದು ನಿಂತರು. ಸಾಹೇಬರು ತಲೆದೂಗಿದರು. ಆದರೆ ಹೊರಗೆ ಬೆಂಚುಗಳ ಮೇಲಿದ್ದ ಒಂದು ಜೀವವೂ ಅಲ್ಲಾಡಲಿಲ್ಲ. ತೂಕಡಿಸುತ್ತಿದ್ದವರು ಇನ್ನಷ್ಟು ಆರಾಮಾಗಿ ಒರಗಿಕೊಂಡರು. ಬೂಗಣ್ಣ ಎರಡನೇ ಸಲ ಹೇಳಿದ, ಮೂರನೇ ಸಲ ಹೇಳಿದ. ನೂರನೇ ನಂಬರಿನ ಬಸ್ಸು ಡ್ರೈವರನ್ನೂ ಕಂಡಕ್ಟರನ್ನೂ ಮಾತ್ರ ಕೂರಿಸಿಕೊಂಡು ಹೊರಟುಹೋಯಿತು.

ಬಸ್ಸಿನ ಬೆನ್ನು ಕಂಡ ಮೇಲೆ ಜನ ಎದ್ದರು. ಎದ್ದವರು ಗೂಡಿಗೆ ಮುತ್ತಿದರು.

"ಏನ್ರೀ ಇದು? ಬಸ್ಸು ಬಿಡೋವಾಗ ಹೇಳೋದಲ್ವಾ?"

"ಮೂರು ಸಲ ಹೇಳಿದೆನಲ್ಲ!" ಎಂದ ಬೂಗಣ್ಣ.

"ಅದು ನೀವಾ? ಕ್ಯಾಂಟೀನಿನ ರೇಡಿಯೋದಲ್ಲಿ ವಾರ್ತೆ ಬರ್ತಿದೆ ಅಂದ್ಕೊಂಡ್ವಿ! ಆ ಹಳೇ ಮನುಷ್ಯ ಎಲ್ಲಿ ಹೋದ? ಅವನ ದನಿ ಕೇಳಿದ್ರೆ ನಿದ್ದೇಲೂ ಎದ್ದು ಓಡ್ತೀವಿ."

"ನಾನೇ ಅವನು!"

"ಯಾರಿಗೆ ಹೇಳ್ತೀರಿ? ಹತ್ತು ವರ್ಷದಿಂದ ಕೇಳ್ತಿದೀವಿ!"

ಗದ್ದಲ ಏರಿತು. ಮುಂದಿನ ಬಸ್ಸೂ ಹೊರಡುವ ಹೊತ್ತಾಗಿತ್ತು. ಗೆಳೆಯನ ಪಾಡು ನೋಡಲಾರದೆ ಗುಮಾಸ್ತ ಟಿಕೆಟ್ ಕೌಂಟರಿನಿಂದ ಎದ್ದು ಓಡಿ ಬಂದು ಗೂಡಿಗೆ ನುಗ್ಗಿ, ಎರಡು ಬೆರಳಿನಿಂದ ಮೂಗು ಒತ್ತಿ ಹಿಡಿದು, ಮೈಕಿಗೆ ಬಾಯಿಟ್ಟ.

"ಪ್ರಯಾಡಿಕರ ಗಬದಕ್ಕೆ! ಹದ್ದೆರಡದೇ ದಬ್ಬರಿದ ಬಸ್ಸು..."

ಮಾತು ಮುಗಿಯುವ ಮೊದಲೇ ಇಡೀ ನಿಲ್ದಾಣ ಎದ್ದು ನಿಂತಿತು. ಚೀಲಗಳು ಹೆಗಲೇರಿದವು, ಮಕ್ಕಳು ಎಳೆಸಿಕೊಂಡು ಓಡಿದವು. ಎರಡು ನಿಮಿಷದಲ್ಲಿ ಬಸ್ಸು ತುಂಬಿತು.

ಸಾಹೇಬರ ಮುಖ ಅರಳಿತು. "ಇವರೇನ್ರೀ ಆ ಹತ್ತು ವರ್ಷದವರು? ಇಂಥವರನ್ನ ಟಿಕೆಟ್ ಕೌಂಟರಿನಲ್ಲಿ ಬಚ್ಚಿಟ್ಟು, ನನ್ನೆದುರಿಗೆ ಬೇರೆ ಯಾರನ್ನೋ ಕೂರಿಸಿದೀರಾ? ಇವರನ್ನ ಇವತ್ತೇ ಖಾಯಂ ಮಾಡಿ. ಆ ವಾರ್ತೆಯವರನ್ನ ಲಗೇಜ್ ಕೋಣೆಗೆ ಕಳಿಸಿ."

ಕಂಟ್ರೋಲರು ತಮ್ಮ ಬೂಟಿನ ಲೇಸು ಬಿಚ್ಚಿದೆಯೇ ಎಂದು ಬಗ್ಗಿ ನೋಡತೊಡಗಿದರು. ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. 'ಖಾಯಂ' ಎಂಬ ಮಾತು ಕಿವಿಗೆ ಇಳಿದ ಮೇಲೆ ಮೆಲ್ಲಗೆ ಮುಚ್ಚಿಕೊಂಡ. ಮೂಗಿನ ಮೇಲಿನ ಬೆರಳನ್ನು ಮಾತ್ರ ತೆಗೆಯಲಿಲ್ಲ.

ಲಗೇಜ್ ಕೋಣೆಯಲ್ಲಿ ಧೂಳು ಹಿಡಿದ ಮೂಟೆಗಳ ನಡುವೆ ಬೂಗಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಆರು ಗಂಟೆಯ ಹೊತ್ತಿಗೆ ಒಂದರ ಹಿಂದೊಂದು ಒಂಬತ್ತು ಸೀನು ಬಂದವು. ಹತ್ತನೆಯದಕ್ಕೆ ಕಾಯುತ್ತಿದ್ದಾಗ ಬಲ ಹೊಳ್ಳೆ ಮುಚ್ಚಿತು. ಕ್ಷಣ ಬಿಟ್ಟು ಎಡ ಹೊಳ್ಳೆಯೂ ಮುಚ್ಚಿತು. ಬೂಗಣ್ಣ ಪರೀಕ್ಷೆಗೆಂದು "ಮಾವ" ಎಂದ. "ಬಾವ" ಎಂದು ಕೇಳಿಸಿತು. ಜನ್ಮದಲ್ಲೇ ಮೊದಲ ಬಾರಿಗೆ ಮೂಗು ಕಟ್ಟಿದ್ದಕ್ಕೆ ಕುಣಿದಾಡಿ, ಮೂಟೆಗಳನ್ನು ಹಾರಿ, ಕಂಟ್ರೋಲರ ಕೋಣೆಗೆ ಓಡಿದ. ಸಾಹೇಬರು ಇನ್ನೂ ಅಲ್ಲೇ ಚಹಾ ಕುಡಿಯುತ್ತಿದ್ದರು.

"ಸಾರ್, ಆ ದದಿ ದದ್ದು ಸಾರ್! ಹತ್ತು ವರ್ಷದಿದ್ದ ಬೈಕಿದಲ್ಲಿ ಬಾತಾಡಿದ್ದು ದಾದೇ!"

ಸಾಹೇಬರು ಚಹಾದ ಲೋಟ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಲ್ಕು ಗಂಟೆಗೆ ಅಷ್ಟು ಚೆನ್ನಾಗಿ ಮಾತಾಡ್ತಿದ್ದವರು, ಇನ್ನೊಬ್ಬರಿಗೆ ಕೆಲಸ ಆಯ್ತು ಅಂತ ಅವರ ದನಿ ನಕಲು ಮಾಡ್ಕೊಂಡು ಬಂದಿದೀರಲ್ರೀ!"

"ದಕಲಲ್ಲ ಸಾರ್, ದಿಜ! ದದ್ದ ಬೂಗಾಡೆ!"

"ಸಾಕು ಬಿಡ್ರಿ," ಎಂದು ಸಾಹೇಬರು ನಕ್ಕು ಮತ್ತೆ ಲೋಟ ಎತ್ತಿಕೊಂಡರು. "ಅವರ ದನೀಲಿ ಒಂದು ಸಹಜತೆ ಇದೆ. ನಿಮ್ಮದು ಕೇಳಿದ್ರೇ ಗೊತ್ತಾಗುತ್ತೆ, ಬೇಕಂತಲೇ ಮಾಡ್ತಿದೀರಿ ಅಂತ."