ಎರಡು ಮಾರು ದೂರ, ಆಪಿಯಾ ಮಾರ್ಗವಾಗಿ

ಸಾಲೆಫಾಗಾ ಊರಿನ ಆರೋಗ್ಯ ಇಲಾಖೆಗೂ ಉಗ್ರಾಣ ಇಲಾಖೆಗೂ ನಡುವಿನ ದೂರ ಎರಡು ಮಾರು. ಆ ದ್ವೀಪರಾಷ್ಟ್ರದ ರಾಜಧಾನಿ ಆಪಿಯಾ ಮಾರ್ಗವಾಗಿ ಹೋದರೆ ಒಂದು ಸಮುದ್ರ.

ಎರಡೂ ಕಚೇರಿಗಳು ಗೋಡೆಯಿಲ್ಲದ ಒಂದೇ ಚಾವಡಿಯಲ್ಲಿದ್ದವು. ಒಂದೇ ಸೂರಿನಡಿಯ ಕಂಪ್ಯೂಟರುಗಳನ್ನು ಜೋಡಿಸಿದರೆ ಅದು ಸ್ಥಳೀಯ ಜಾಲ. ದೂರದೂರದ ಅಂಥ ಜಾಲಗಳನ್ನು ಬೆಸೆದರೆ ವಿಶಾಲ ಜಾಲ. ಇಲ್ಲಿ ಪ್ರತಿ ಇಲಾಖೆಗೂ ತನ್ನದೇ ಸ್ಥಳೀಯ ಜಾಲವಿದ್ದು, ಎರಡೂ ಆಪಿಯಾದಲ್ಲಿ ಮಾತ್ರ ಕೂಡುತ್ತಿದ್ದವು. ನಡುವೆ ಎರಡು ಮಾರು ತಂತಿ ಎಳೆದರೆ ಸಾಕೆಂದ ಎಂಜಿನಿಯರನನ್ನು, ಇಲಾಖಾ ಗಡಿ ಉಲ್ಲಂಘನೆಯ ಯತ್ನಕ್ಕಾಗಿ ಬೇರೆ ದ್ವೀಪಕ್ಕೆ ವರ್ಗ ಮಾಡಲಾಯಿತು.

ಒಂದು ಬೆಳಿಗ್ಗೆ ನರ್ಸ್ ಫುವಾತಿನೊಳ ಗ್ಯಾಸಿನಿಂದ ಓಡುವ ಫ್ರಿಜ್ಜಿನ ಸಿಲಿಂಡರ್ ಖಾಲಿಯಾಯಿತು. ಒಳಗೆ ಊರಿನ ಕೂಸುಗಳ ಲಸಿಕೆಯಿತ್ತು. ಸಂಜೆಯೊಳಗೆ ತಂಪಾಗದಿದ್ದರೆ ಅಷ್ಟೂ ಹಾಳು. ತುಂಬಿದ ಸಿಲಿಂಡರ್ ಎದುರಿಗೇ ಇತ್ತು. ಉಗ್ರಾಣಾಧಿಕಾರಿ ಇಯೋಸುವಾ ಅದರ ಮೇಲೆ ಕಾಲು ಚಾಚಿ ಕೋಕೋ ಕುಡಿಯುತ್ತಿದ್ದ. ಆತ ಅವಳ ಸ್ವಂತ ಸೋದರಮಾವ.

"ಮಾವ, ಕಾಲು ತೆಗೀರಿ. ಸಿಲಿಂಡರ್ ಬೇಕು."

"ಕೊಡೋಕೆ ನನಗೇನಮ್ಮ ಅಡ್ಡಿ? ಆದ್ರೆ ನೀನು ಇಲ್ಲಿಲ್ಲವಲ್ಲ."

"ಇಲ್ಲೇ ನಿಂತಿದ್ದೀನಲ್ಲ!"

"ನನ್ನ ಕಂಪ್ಯೂಟರಲ್ಲಿ ಆರೋಗ್ಯ ಇಲಾಖೆ ಅಂದ್ರೆ ಆಪಿಯಾ. ಅಲ್ಲಿಂದ ಅರ್ಜಿ ಬರ್ಲಿ. ಅಲ್ಲೀತನಕ ಕೋಕೋ ಕುಡಿ."

"ಒಳಗಿರೋದು ನಿಮ್ಮ ಮೊಮ್ಮಗನ ಲಸಿಕೆನೂ ಹೌದು, ಮಾವ."

"ಅದಕ್ಕೇ ಹೇಳ್ತಿರೋದು, ಬೇಗ ಕಳಿಸು."

ಅವಳು ಕಳಿಸಿದಳು. ಅರ್ಜಿ ಸಮುದ್ರ ದಾಟಿತು. ಮಧ್ಯಾಹ್ನ ಇಯೋಸುವಾನಿಗೆ ಆದೇಶ ಬಂತು: "ಮಂಜೂರಾಗಿದೆ. ಸಾಮಗ್ರಿಯು ಅರ್ಜಿಯ ಮಾರ್ಗದಲ್ಲಿಯೇ ಸಾಗತಕ್ಕದ್ದು." ನಾವು ಕೊಂಕಣ ಸುತ್ತಿ ಮೈಲಾರಕ್ಕೆ ಎನ್ನುವುದಕ್ಕೆ ಅಲ್ಲಿ ಕಾರ್ಯವಿಧಾನ ಎನ್ನುತ್ತಾರೆ. ಇಯೋಸುವಾ ಸಿಲಿಂಡರನ್ನು ಹೆಗಲಿಗೇರಿಸಿ, ಸೋದರಸೊಸೆಯ ಫ್ರಿಜ್ಜಿನ ಪಕ್ಕದಿಂದಲೇ ಹಾದು, ಹಡಗಿಗೆ ಹತ್ತಿಸಿ ಬಂದ. ಫುವಾತಿನೊಳಿಗೆ ಅಳು ಬಂತು. ಆದರೆ ಹೊರೆ ಭಾರವಿದೆಯೆಂದು ಅವಳೂ ಅದಕ್ಕೆ ಕೈ ಜೋಡಿಸಿದ್ದಳು.

ಮುಂದಿನ ವಾರ ಸಿಲಿಂಡರ್ ಮರಳಿತು. ದೂರದಿಂದ ಬಂದ ಅತಿಥಿಯಾದ್ದರಿಂದ ಹಿರಿಯರು ಚಾಪೆ ಹಾಸಿ, ಆವಾ ಪಾನೀಯ ಹಂಚಿ, ಭಾಷಣ ಮಾಡಿ ಬರಮಾಡಿಕೊಂಡರು.

"ಫ್ರಿಜ್ಜು ಈಗ ತಣ್ಣಗಿದೆಯಾ?" ಇಯೋಸುವಾ ಕೇಳಿದ.

"ತಣ್ಣಗಿದೆ ಮಾವ. ಒಳಗೇನೂ ಇಲ್ಲ."

ಈ ಸಂಗತಿಯೂ ಜಾಲದ ಮೂಲಕ ಹೋಗಿ, ಉತ್ತರ ಬಂತು: "ಹೊಸ ಲಸಿಕೆ ತಲುಪುವವರೆಗೆ ಸಾಲೆಫಾಗಾದ ಯಾವ ಶಿಶುವೂ ಕಾಯಿಲೆ ಬೀಳತಕ್ಕದ್ದಲ್ಲ." ಊರಿನ ಹಿರಿಯರ ಸಭೆ ಇದನ್ನು ಒಪ್ಪಿ, ತಪ್ಪಿದ ಮನೆಗೆ ಒಂದು ಹಂದಿ ದಂಡವೆಂದು ವಿಧಿಸಿತು. ನಿಯಮ ನ್ಯಾಯವಾಗಿದೆಯೆಂದು ಎಲ್ಲರೂ ತಲೆದೂಗಿದರು.

ಭಾನುವಾರ ಇಯೋಸುವಾನ ಮೊಮ್ಮಗನಿಗೆ ಜ್ವರ ಬಂತು. ಯಾರೂ ಕೇಳುವ ಮೊದಲೇ ಆತ ಎದ್ದು ಹಂದಿಯ ಹಗ್ಗ ಬಿಚ್ಚಿದ. ಫುವಾತಿನೊ ಅದರ ಹಿಂಗಾಲು ಹಿಡಿದುಕೊಂಡಳು.