ಬಿ ಕೋಶಕ್ಕೆ ಕಾರವಾರದಲ್ಲಿ ಬಂದ ಕಷ್ಟ

ಕಪ್ಪೆ, ಜಿರಳೆ ಕಲಿಸುವವರಿಗೆ ಒಂದು ಅನುಕೂಲವಿದೆ. ಪಾಠ ಅರ್ಥವಾಗದಿದ್ದರೆ ಪ್ರಾಣಿಯನ್ನೇ ಎತ್ತಿ ತೋರಿಸಬಹುದು. ಕಣ್ಣಿಗೆ ಕಾಣದ್ದನ್ನು ಕಲಿಸಹೊರಟವರಿಗೆ ಮಾತ್ರ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಮೊಬೈಲಿನ ಸಿಗ್ನಲ್ ಹುಡುಕಿಕೊಂಡು ಜನ ಮಾಳಿಗೆ ಹತ್ತುತ್ತಿದ್ದ ಕಾಲವದು. ನಾನು ಅಂಕೋಲೆಯಿಂದ ದಿನಾ ಬಸ್ಸು ಹಿಡಿದು ಕಾರವಾರದ ಒಂದು ಕಾಲೇಜಿಗೆ ಹೋಗಿ ಬಿ.ಎಸ್ಸಿ.ಯವರಿಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಹಂಗಾಮಿ ಕೆಲಸ. ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಸಮಿತಿ ಬಂದು ಪಾಠ ನೋಡುತ್ತದೆ, ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟಿದ್ದರು. ಅದೇ ವರ್ಷ ಸಿಲೆಬಸ್ಸಿಗೆ ಹೊಸ ಅಧ್ಯಾಯವೊಂದು ಬಂದು ವಕ್ಕರಿಸಿತು. ಬಿ ಕೋಶ ಹುಟ್ಟಿ ಬೆಳೆಯುವ ಬಗೆ, ಅದರ ಮೈಮೇಲಿನ ರಿಸೆಪ್ಟರ್ ಎಂಬ ಪ್ರೊಟೀನಿನ ರಚನೆ ಮತ್ತು ಕೆಲಸ. ಬಿ ಕೋಶವೆಂದರೆ ನಮ್ಮ ರಕ್ತದಲ್ಲಿ ತಿರುಗಾಡುವ ಕಾವಲುಗಾರ. ರಿಸೆಪ್ಟರ್ ಎಂದರೆ ರೋಗಾಣುವನ್ನು ಹಿಡಿಯುವ ಅದರ ಕೈ. ನಿಮಗೆ ಇಷ್ಟು ಸಾಕು. ನನ್ನ ವಿದ್ಯಾರ್ಥಿಗಳಿಗೆ ಸಾಕಾಗಲಿಲ್ಲ.

ಮೀನಿನ ತಲೆ

ಬಿ ಕೋಶ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ ಎಂದು ಮೊದಲ ದಿನ ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಮೇಡಂ, ಮೀನಿನ ಮುಳ್ಳಲ್ಲಿ ಮಜ್ಜೆ ಇರೂದಿಲ್ಲ. ಹಂಗಾರೆ ಅದಕ್ಕೆ ಬಿ ಕೋಶ ಎಲ್ಲಿಂದ ಬತ್ತದೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. "ಮೀನು ಸಿಲೆಬಸ್ಸಿನಲ್ಲಿಲ್ಲ, ಕೂತ್ಕೋ" ಎಂದು ಗದರಿಸಿದೆ.

ಆ ಹುಡುಗಿಯ ತಾಯಿ ಕಾರವಾರದ ಪೇಟೆಯಲ್ಲಿ ಮೀನು ಮಾರುವವರು. ನಾನು ಅವರ ಕಾಯಂ ಗಿರಾಕಿ. ಮರುದಿನ ಸಂಜೆ ಬಸ್ಸಿಗೆ ಮೊದಲು ಬಂಗಡೆ ಕೊಳ್ಳಲು ಹೋದರೆ, ನನ್ನನ್ನು ನೋಡಿದ್ದೇ ಬುಟ್ಟಿಗೆ ಗೋಣಿ ಮುಚ್ಚಿದರು.

"ನಿಮಗೆ ಮೀನಿಲ್ಲ ಅಕ್ಕೋರೆ. ನಮ್ಮ ಮೀನಿಗೆ ರೋಗ ತಡೂ ತಾಕತ್ತಿಲ್ಲ ಅಂತ ಕಾಲೇಜಲ್ಲಿ ಹೇಳೀರಂತೆ. ಬೆಳಿಗ್ಗೆಯಿಂದ ಗಿರಾಕಿ ಎಲ್ಲ ಮೂಸಿ ನೋಡಿ ಹೋಗ್ತಾವ್ರೆ."

"ಅಯ್ಯೋ, ನಾನು ಹಾಗೆ ಹೇಳೇ ಇಲ್ಲ!"

"ಎಂತ ಹೇಳೀರಿ ಅದನ್ನ ಇಲ್ಲಿ ಎಲ್ಲರ ಎದುರಿಗೆ ಹೇಳಿ."

ಮೀನಿಲ್ಲದೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಲೈಬ್ರರಿಯ ದಪ್ಪ ಪುಸ್ತಕ ತಿರುವಿಹಾಕಿ, ಮಾರನೆಯ ಸಂಜೆ ಪೇಟೆಯ ನಡುವೆ ನಿಂತು ಸಾರಿದೆ: "ಮೀನಿಗೂ ಬಿ ಕೋಶ ಇದೆ! ತಲೆಯ ಬುಡದಲ್ಲಿ ಒಂದು ಮೂತ್ರಪಿಂಡ ಇರುತ್ತದೆ, ಅಲ್ಲಿ ಹುಟ್ಟುತ್ತದೆ!"

ಅವರ ಮುಖ ಅರಳಿತು. ಗೋಣಿ ಸರಿಸಿ, ಪಕ್ಕದ ಗಿರಾಕಿಗೆ ಹೇಳಿದರು: "ಕೇಳಿದ್ರಾ? ಔಷಧ ಎಲ್ಲ ತಲೆ ಹತ್ರನೇ ಅದೆ. ಇವತ್ತಿಂದ ತಲೆ ಪುಕ್ಕಟೆ ಸಿಗೂದಿಲ್ಲ."

ಹಗ್ಗದ ಕೈ

ರಿಸೆಪ್ಟರಿನ ಆಕಾರ ಇಂಗ್ಲಿಷಿನ ವೈ ಅಕ್ಷರದಂತೆ. ಎರಡು ದಪ್ಪ ಎಳೆಗಳು, ಅವುಗಳ ತೋಳಿಗೆ ಅಂಟಿಕೊಂಡು ಎರಡು ಸಣ್ಣ ಎಳೆಗಳು. ದಪ್ಪದ್ದೂ ಸಣ್ಣದ್ದೂ ಕೂಡಿದ ತುದಿಯಲ್ಲಿ ರೋಗಾಣು ಸಿಕ್ಕಿಬೀಳುತ್ತದೆ. ಇದರ ಮಾದರಿ ಮಾಡಿ ತನ್ನಿ ಎಂದೆ.

ಥರ್ಮೋಕೋಲ್ ತರುತ್ತಾರೆಂದುಕೊಂಡಿದ್ದೆ. ದೋಣಿ ಇರುವ ಮನೆಯ ಹುಡುಗರು ಹಳೆ ಬಲೆಯ ಹಗ್ಗದಲ್ಲಿ ಆಳೆತ್ತರದ ವೈ ಹೆಣೆದು ತಂದು ಪ್ರಯೋಗಶಾಲೆಯ ಗೋಡೆಗೆ ತೂಗುಹಾಕಿದರು. ಒಂದೊಂದು ಗಂಟೂ ಇರಬೇಕಾದ ಜಾಗದಲ್ಲೇ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅರ್ಧ ಅಭಿಮಾನಕ್ಕೆ, ಅರ್ಧ ವಾಸನೆಗೆ.

ಸಮಿತಿಗೆ ತೋರಿಸಲು ಒಂದು ಒಳ್ಳೆಯ ವಸ್ತುವಾಯಿತೆಂದು ಪ್ರಿನ್ಸಿಪಾಲರನ್ನು ಕರೆತಂದೆ. "ಇದು ತನಗೆ ಹೊಂದುವ ವಸ್ತುವನ್ನು ಮಾತ್ರ ಹಿಡಿಯುತ್ತದೆ ಸರ್" ಎನ್ನುತ್ತಿದ್ದಂತೆ ಕಿಟಕಿಯಿಂದ ಬೆಕ್ಕೊಂದು ಹಾರಿ ಬಂದು ಒಂದು ತೋಳಿಗೆ ಜೋತುಬಿತ್ತು. ಹಿಂದೆಯೇ ಇನ್ನೊಂದು ಬಂದು ಮತ್ತೊಂದು ತೋಳಿಗೆ ಜೋತುಬಿತ್ತು.

ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡೇ ಕೇಳಿದರು: "ಎರಡೂ ಕೈಗೆ ಒಂದೇ ಜಾತಿಯದ್ದು ಸಿಗಬೇಕಾ ಮೇಡಂ?"

"ಹೌದು ಸರ್."

"ಹಾಗಾದರೆ ಮಾದರಿ ಸರಿ ಇದೆ. ಹೊರಗೆ ಹಾಕಿಸಿ."

ತಾಲೀಮಿನ ನಾಯಕಿ

ಬಿ ಕೋಶ ಬೆಳೆಯುವಾಗ ಮೊದಲು ದಪ್ಪ ಎಳೆ ತಯಾರಾಗುತ್ತದೆ. ಸಣ್ಣ ಎಳೆ ಇನ್ನೂ ಬಂದಿರುವುದಿಲ್ಲ. ದಪ್ಪ ಎಳೆ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಸಣ್ಣ ಎಳೆಯ ಜಾಗದಲ್ಲಿ ಒಂದು ಬದಲಿ ಪ್ರೊಟೀನು ನಿಲ್ಲುತ್ತದೆ. ಜೋಡಿ ಕೂಡಿದರೆ ಕೋಶ ಮುಂದಕ್ಕೆ ಹೋಗುತ್ತದೆ, ಬದಲಿ ಹೋಗಿ ನಿಜವಾದ ಎಳೆ ಬರುತ್ತದೆ.

ಇದನ್ನು ಮೂರು ಸಲ ಹೇಳಿದರೂ ಕ್ಲಾಸು ಪಿಳಿಪಿಳಿ ನೋಡುತ್ತಿತ್ತು. ಕೊನೆಗೆ ರೋಸಿಹೋಗಿ ಕೇಳಿದೆ: "ನಿಮ್ಮೂರಲ್ಲಿ ನಾಟಕ ಆಡುತ್ತೀರಲ್ಲ, ನಾಯಕಿ ಪಾರ್ಟಿನವಳು ಹೊರಗಿಂದ ಯಾವಾಗ ಬರುತ್ತಾಳೆ?"

"ನಾಟಕದ ದಿನ ಮೇಡಂ!"

"ಅಲ್ಲಿಯವರೆಗೆ ತಾಲೀಮಿನಲ್ಲಿ ಹೀರೋ ಯಾರ ಕೈ ಹಿಡಿದು ಡೈಲಾಗು ಹೇಳುತ್ತಾನೆ?"

ಇಡೀ ಕ್ಲಾಸು ಹಿಂತಿರುಗಿ ಕೊನೆಯ ಬೆಂಚಿನಲ್ಲಿದ್ದ ಅಗಸೂರಿನ ಮೀಸೆಯ ಹುಡುಗನನ್ನು ನೋಡಿ ಗೊಳ್ಳೆಂದಿತು. ಅವನ ಊರಿನ ನಾಟಕಗಳಲ್ಲಿ ತಾಲೀಮಿನ ನಾಯಕಿ ಅವನೇ ಅಂತೆ. ಅವನು ನಗಲಿಲ್ಲ. ಎದ್ದು ನಿಂತು ಕೇಳಿದ:

"ಮೇಡಂ, ಆ ಬದಲಿ ಪ್ರೊಟೀನಿಗೆ ಕಡೆಗೆ ಒಂದು ಸಣ್ಣ ಪಾರ್ಟಾದ್ರೂ ಕೊಡ್ತ್ರಾ?"

"ಇಲ್ಲ."

"ಚಾ ಕೊಡ್ತ್ರಾ?"

"ಇಲ್ಲಪ್ಪ. ಅದರ ಕೆಲಸ ಅಲ್ಲಿಗೆ ಮುಗೀತು."

"ಹಂಗಾರೆ ಅದು ನಮ್ಮೂರದ್ದೇಯ" ಎಂದು ಕೂತ.

ಎಲ್ಲರೂ ನಕ್ಕರು. ನನಗೆ ಮಾತ್ರ ಚುರುಕ್ ಎಂದಿತು. ಹಂಗಾಮಿ ನೌಕರಿಯ ನಾನೂ ಬದಲಿಯೇ ತಾನೆ. ಪರೀಕ್ಷೆಯಲ್ಲಿ ಈ ಪ್ರೊಟೀನಿನ ಬಗ್ಗೆ ಟಿಪ್ಪಣಿ ಬರೆಯಿರಿ ಎಂದು ಕೇಳಿದ್ದಕ್ಕೆ ಅವನು ಎರಡು ಪುಟ ವಿಜ್ಞಾನ ಬರೆದು, ಕೊನೆಗೆ "ಈ ಪ್ರೊಟೀನಿಗೆ ಆದ ಅನ್ಯಾಯವನ್ನು ಯಾರೂ ಕೇಳುವವರಿಲ್ಲ" ಎಂದು ಮುಗಿಸಿದ್ದ. ಪೂರ್ತಿ ಅಂಕ ಕೊಟ್ಟೆ. ನ್ಯಾಯದ ಭಾಗಕ್ಕೇ ಹೆಚ್ಚು.

ಹೊರಗಿನವರು

ಅಂತೂ ಸಮಿತಿ ಬರುವ ದಿನ ಬಂತು. ಬರೀ ಪಾಠ ಬೇಡ, ನಾಟಕವನ್ನೇ ಆಡಿ ತೋರಿಸೋಣ ಎಂದು ವಿದ್ಯಾರ್ಥಿಗಳು ಹಟ ಹಿಡಿದಿದ್ದರು. ಚಿತ್ತಾಕುಲದ ಒಬ್ಬ ಗಟ್ಟಿಮುಟ್ಟಾದ ಹುಡುಗ ಬಿ ಕೋಶ. ಅವನ ಎರಡು ಕೈಗಳೇ ರಿಸೆಪ್ಟರ್. ನಿಯಮಗಳನ್ನು ನಾನು ಅವನ ತಲೆಗೆ ಮೊಳೆ ಹೊಡೆದ ಹಾಗೆ ಹೊಡೆದಿದ್ದೆ. ನಮ್ಮವರನ್ನು ಮುಟ್ಟಬಾರದು. ಹೊರಗಿನವರನ್ನು ಬಿಡಬಾರದು. ಹೊರಗಿನವರು ಸಿಕ್ಕಿದೊಡನೆ ಅವನಂಥವೇ ಕೋಶಗಳು ಹುಟ್ಟಬೇಕು, ಅಂದರೆ ಕೆಂಪು ಬನಿಯನ್ ಹಾಕಿದ ಉಳಿದ ಹುಡುಗರೆಲ್ಲ ಓಡಿಬಂದು ಹಿಡಿಯಬೇಕು. ತಪ್ಪಿ ನಮ್ಮವರನ್ನೇ ಹಿಡಿದ ಕೋಶ ಅಲ್ಲೇ ಬಿದ್ದು ಸಾಯಬೇಕು.

ನಾಟಕವೆಂದು ಕೇಳಿ ಊರವರೂ ಬಂದು ಸಭಾಂಗಣ ಕಿಕ್ಕಿರಿದಿತ್ತು. ಸಮಿತಿಯೆಂದು ಬಂದವರು ಅದರ ಅಧ್ಯಕ್ಷರೊಬ್ಬರೇ. ಮುಂದಿನ ಸಾಲಿನಲ್ಲಿ, ಆ ಸೆಕೆಯಲ್ಲೂ ಕೋಟು ಟೈ ಬಿಗಿದು ಕೂತಿದ್ದರು. ಬಂದಾಗಿನಿಂದ ಇಂಗ್ಲಿಷ್ ಬಿಟ್ಟು ಮಾತಾಡಿರಲಿಲ್ಲ, ನಕ್ಕಿರಲೂ ಇಲ್ಲ.

ಮೊದಲ ದೃಶ್ಯಗಳು ಚೆನ್ನಾಗಿಯೇ ಆದವು. ಸಹಪಾಠಿಗಳು ಎದುರು ಹಾದುಹೋದರು, ಬಿ ಕೋಶ ಯಾರನ್ನೂ ಮುಟ್ಟಲಿಲ್ಲ. ಆಮೇಲೆ ಮುಖಕ್ಕೆ ಮಸಿ ಬಳಿದುಕೊಂಡ ರೋಗಾಣು ಹೂಂಕರಿಸುತ್ತ ರಂಗಕ್ಕೆ ಬಂದ. ಬಿ ಕೋಶ ಅವನನ್ನು ನೋಡಿ ಕೈ ಕಟ್ಟಿ ನಿಂತ.

"ಹಿಡಿಯೋ!" ಎಂದೆ ಪರದೆಯ ಹಿಂದಿನಿಂದ.

"ಮೇಡಂ, ಇಂವ ನಮ್ಮ ಮಾವನ ಮಗ. ನಮ್ಮವರನ್ನ ಮುಟ್ಟೂಕಾಗ ಅಂದ್ರಿ ನೀವೇಯ."

ತಾಲೀಮಿನಲ್ಲಿ ರೋಗಾಣುವಾಗಿದ್ದವನು ಬೇರೆ. ಅವನಿಗೆ ಜ್ವರ ಬಂದು, ಆ ಬೆಳಿಗ್ಗೆಯಷ್ಟೇ ಇವನನ್ನು ನಿಲ್ಲಿಸಿದ್ದೆವು. ನನಗೆ ಪಿತ್ತ ನೆತ್ತಿಗೇರಿತು. "ಹಾಗಾದರೆ ಹೊರಗಿನವರು ಯಾರಿದ್ದಾರೋ ಅವರನ್ನೇ ಹಿಡಿ, ಹೋಗು!" ಎಂದುಬಿಟ್ಟೆ.

ಅವನು ಸಭೆಯ ಮೇಲೆ ಕಣ್ಣಾಡಿಸಿದ. ಅವನ ಕೇರಿಯವರು, ಗೆಳೆಯರ ಅಪ್ಪ ಅಮ್ಮಂದಿರು, ಮಾಸ್ತರರು. ಎಲ್ಲರೂ ಗುರುತಿನವರೇ. ಕಣ್ಣು ಕೋಟಿನ ಮೇಲೆ ನಿಂತಿತು. ನಾನು ಬೇಡವೋ ಎನ್ನುವುದರೊಳಗೆ ರಂಗದಿಂದ ಧುಮುಕಿ ಅಧ್ಯಕ್ಷರನ್ನು ಕುರ್ಚಿ ಸಮೇತ ಅಪ್ಪಿಕೊಂಡ. ನಿಯಮದಂತೆ ಕೆಂಪು ಬನಿಯನ್ನುಗಳೆಲ್ಲ ನುಗ್ಗಿಬಂದವು. ಅಧ್ಯಕ್ಷರ ಒಂದು ಬೂಟು ಮಾತ್ರ ಕಾಣುತ್ತಿತ್ತು. ಪ್ರಿನ್ಸಿಪಾಲರು ತಲೆಯ ಮೇಲೆ ಕೈ ಹೊತ್ತರು. ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದು ನನಗೆ ಅಳುವೇ ಬಂತು.

ಆಗ ಆ ರಾಶಿಯ ಅಡಿಯಿಂದ ಅಪ್ಪಟ ಕೊಂಕಣಿಯಲ್ಲಿ ಒಂದು ಕೂಗು ಕೇಳಿಸಿತು: "ಅರೇ, ಸೋಡಾ ಮಾಕಾ! ಹಾಂವ್ ಸದಾಶಿವಗಡಚೋ!"

ಬಿಡ್ರೋ ನನ್ನ, ನಾನು ಸದಾಶಿವಗಡದವ, ಎಂದು ಅದರ ಅರ್ಥ. ಸದಾಶಿವಗಡವೆಂದರೆ ಬಿ ಕೋಶದ ಹುಡುಗನ ಚಿತ್ತಾಕುಲಕ್ಕೆ ತಾಗಿಯೇ ಇರುವ ಊರು. ಬಿ ಕೋಶದ ಕೈ ತಟ್ಟನೆ ಸಡಿಲವಾಯಿತು. ಅವನು ಅಧ್ಯಕ್ಷರ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಎದೆ ಹಿಡಿದುಕೊಂಡು ಧೊಪ್ಪನೆ ಬಿದ್ದ. ಹಿಂದೆಯೇ ಕೆಂಪು ಬನಿಯನ್ನುಗಳೂ ಸಾಲಾಗಿ ಬಿದ್ದವು.

ಅಧ್ಯಕ್ಷರು ಎದ್ದು ಟೈ ಸರಿಮಾಡಿಕೊಂಡು, ಮೊದಲ ಸಲ ಕನ್ನಡದಲ್ಲಿ ಕೇಳಿದರು: "ಇವರೆಲ್ಲ ಯಾಕೆ ಬಿದ್ದರು?"

"ಸರ್, ನಮ್ಮವರನ್ನೇ ಹಿಡಿದ ಬಿ ಕೋಶ ಬದುಕಿರಬಾರದು" ಎಂದೆ.

ಅವರು ಬಿದ್ದವರನ್ನೆಲ್ಲ ಒಮ್ಮೆ ನೋಡಿದರು.

"ಪಾಠ ಚೆನ್ನಾಗಿ ಮಾಡಿದ್ದೀರಿ ಮೇಡಂ. ಕಾಯಂ ಮಾಡಲು ಬರೆಯುತ್ತೇನೆ. ಆದರೆ ನಾನು ಕಾರು ಹತ್ತುವ ತನಕ ಇವರನ್ನು ಎಬ್ಬಿಸಬೇಡಿ."