ಗಾರ್ಡ್ ಮಾವನವರ ಟ್ಯಾಂಗೋ

ಅಣ್ಣಿಗೇರಿಯ ಗಂಡಸರಿಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಡೆಯುವುದನ್ನು ಕಲಿಸಿದವರು ನಮ್ಮ ಮಾವನವರು. ನೀವು ನಂಬುವುದಿಲ್ಲ, ಗೊತ್ತು. ಮದುವೆಗೆ ಮುಂಚೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನಂಬಿದ್ದರೆ ಬಹುಶಃ ಮದುವೆಗೆ ಒಪ್ಪುತ್ತಲೂ ಇರಲಿಲ್ಲ. ಗಂಡಿನ ಮನೆಯನ್ನು ವಿಚಾರಿಸಲು ಕುಂದಗೋಳದಿಂದ ಬಂದಿದ್ದ ನಮ್ಮ ಅಪ್ಪ, ಹುಡುಗನಿಗೆ ಬೀಡಿ ಚಟ ಇದೆಯೇ, ಇಸ್ಪೀಟು ಆಡುತ್ತಾನೆಯೇ ಎಂದೆಲ್ಲ ಕೇಳಿ ತಿಳಿದುಕೊಂಡು ಹೋಗಿದ್ದರು. ಹುಡುಗನ ಅಪ್ಪ ಟ್ಯಾಂಗೋ ಎಂಬ ಪರದೇಶದ ಕುಣಿತ ಮಾಡುತ್ತಾರೆಯೇ ಎಂದು ಕೇಳಬೇಕೆಂದು ಪಾಪ, ಅವರಿಗೆ ಹೊಳೆಯುವುದಾದರೂ ಹೇಗೆ?

ಮಾವನವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರು ನಿವೃತ್ತರಾಗಿದ್ದರೇ ಹೊರತು ಅವರೊಳಗಿನ ಗಾರ್ಡು ನಿವೃತ್ತನಾಗಿರಲಿಲ್ಲ. ಊಟಕ್ಕೆ ಎಲ್ಲರೂ ಸಾಲಾಗಿ ಕೂತ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಕಣ್ಣಾಡಿಸಿ, ಯಾವ ತಾಟೂ ಸಾಲು ಬಿಟ್ಟು ಹೊರಗೆ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ತಲೆಯಾಡಿಸುವರು. ಆಮೇಲೆಯೇ ನಾವು ರೊಟ್ಟಿ ಮುರಿಯಬೇಕು. ನನ್ನ ಮದುವೆ ಮುಗಿದು ದಿಬ್ಬಣದ ಬಸ್ಸು ಕುಂದಗೋಳ ಬಿಡುವಾಗ ಹಿಂದಿನ ಬಾಗಿಲಲ್ಲಿ ನಿಂತು ಸೀಟಿ ಊದಿದವರು ಅವರೇ. ಬಸ್ಸೇನೋ ಹೊರಟಿತು. ಆದರೆ ಕಂಡಕ್ಟರು ಮುನಿಸಿಕೊಂಡು ಅಣ್ಣಿಗೇರಿ ಮುಟ್ಟುವವರೆಗೆ ಯಾರ ಜೊತೆಯೂ ಮಾತಾಡಲಿಲ್ಲ.

ನಾನು ಆ ಮನೆಗೆ ಹೋದ ವರ್ಷವೇ, ಒಂದು ದಿನ ಮಾವನವರು ಹುಬ್ಬಳ್ಳಿಯಿಂದ ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದರು. ಚಾವಿ ತಿರುಗಿಸುವ ಹಳೆಯ ಗ್ರಾಮೊಫೋನು. ಜೊತೆಗೆ ಕೆಲವು ಕರಿ ತಟ್ಟೆಗಳು. ರೈಲ್ವೆ ಕಾಲೊನಿಯಲ್ಲಿದ್ದ ಅವರ ಗೆಳೆಯರೊಬ್ಬರು, ಆಂಗ್ಲೋ ಇಂಡಿಯನ್ ಡ್ರೈವರ್ ಸಾಹೇಬರು, ಮೊಳಕಾಲು ಹಿಡಿದದ್ದರಿಂದ ಇನ್ನು ನನಗೆ ಇದರ ಉಪಯೋಗವಿಲ್ಲ ಎಂದು ಕೊಟ್ಟು ಕಳಿಸಿದ್ದರಂತೆ. ಮೊಳಕಾಲಿಗೂ ಗ್ರಾಮೊಫೋನಿಗೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ತಿಳಿಯಲು ಶನಿವಾರದವರೆಗೆ ಕಾಯಬೇಕಾಯಿತು.

ಹಿತ್ತಲಲ್ಲಿ ಹಿಂದೆ ಜೋಳದ ಚೀಲ ಇಡುತ್ತಿದ್ದ ಒಂದು ಖಾಲಿ ಗೋದಾಮಿತ್ತು. ಮಾವನವರು ಅದರ ನೆಲ ಸಾರಿಸಿ, ಗೋಡೆಗೆ ಸುಣ್ಣ ಹೊಡೆಸಿ, ಮೂಲೆಯಲ್ಲಿ ಗ್ರಾಮೊಫೋನಿಟ್ಟು ಊರವರನ್ನು ಕರೆದರು. ಬಂದವರು ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ಸಾಹುಕಾರರು, ಪೋಸ್ಟ್ ಮಾಸ್ತರರು, ದರ್ಜಿ, ಇನ್ನೂ ಕೆಲವರು. ಸಾಹುಕಾರರಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಅವರಿಗೋ ಅಂಗಡಿಯ ಗಾದಿ ಬಿಟ್ಟು ಏಳಲು ಬೇಸರ. ಇದು ಕುಣಿಯುವುದೇನ್ರಿ ಎಂದು ಅವರು ಹಿಂದೆ ಮುಂದೆ ನೋಡಿದಾಗ ಮಾವನವರು ಕೊಟ್ಟ ಉತ್ತರವನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

"ಕುಣಿಯೂದಲ್ರಿ ಸಾಹುಕಾರ್ರ. ಟ್ಯಾಂಗೋ ಅಂದ್ರ ಜೋಡಿಲೆ ಅಡ್ಡಾಡೂದು. ಬಿಸಲಿಲ್ಲ, ಧೂಳಿಲ್ಲ. ನಡು ನಡುವ ಚಹಾ ಐತಿ."

ಇಂಥ ನಡಿಗೆಯನ್ನು ಯಾರು ಬೇಡವೆನ್ನುತ್ತಾರೆ?

ನಾನೂ ಅತ್ತೆಯೂ ಹಿತ್ತಲ ಕಟ್ಟೆಯ ಮೇಲೆ ಶೇಂಗಾ ಒಡೆಯುವ ನೆಪದಲ್ಲಿ ಕೂತು ನೋಡುತ್ತಿದ್ದೆವು. ಧೋತರ, ಟೊಪ್ಪಿಗೆ ಹಾಕಿದ ಸಾಹುಕಾರರ ಭುಜದ ಮೇಲೆ ಪೋಸ್ಟ್ ಮಾಸ್ತರರ ಕೈ. ಮಾಸ್ತರರ ಬೆನ್ನ ಮೇಲೆ ಸಾಹುಕಾರರ ಕೈ. ಹಾಡು ಶುರುವಾಗುವುದು, ಅದರಲ್ಲಿ ಒಬ್ಬ ಮನುಷ್ಯ ಯಾವುದೋ ಭಾಷೆಯಲ್ಲಿ ಬಹಳ ಸಂಕಟದಿಂದ ಏನನ್ನೋ ಕೇಳಿಕೊಳ್ಳುತ್ತಿದ್ದ. ಮಾವನವರು ಒಬ್ಬರೇ ಕಣ್ಣು ಮುಚ್ಚಿ, ಗಾಳಿಯನ್ನು ತಬ್ಬಿಕೊಂಡು, ಮೆತ್ತಗೆ ಹಿಂದಕ್ಕೆ ಹೆಜ್ಜೆ ಹಾಕಿ ತೋರಿಸುವರು. ಅದನ್ನು ನೋಡಿ ಎಲ್ಲರೂ ಹಿಂದಕ್ಕೆ ಹೆಜ್ಜೆ ಹಾಕುವರು. ಎಲ್ಲರೂ ಎಂದರೆ ಎಲ್ಲರೂ! ಸಾಹುಕಾರರು ಆ ಕಡೆ ಹಿಂದಕ್ಕೆ, ಮಾಸ್ತರರು ಈ ಕಡೆ ಹಿಂದಕ್ಕೆ. ತಬ್ಬಿದ ಕೈ ಬಿಡುವ ಹಾಗಿಲ್ಲ. ಸ್ವಲ್ಪ ಹೊತ್ತು ಜಗ್ಗಾಟ ನಡೆದು, ಕಡೆಗೆ ಹಿಡಿತ ಬಿಟ್ಟು, ಸಾಹುಕಾರರು ಹೋಗಿ ಹಿಂದಿದ್ದ ದರ್ಜಿಗೆ ಬಡಿಯುವರು. ದರ್ಜಿ ತನ್ನ ಹಿಂದಿದ್ದವನಿಗೆ. ಗೂಡ್ಸ್ ಗಾಡಿಯ ಡಬ್ಬಿಗಳಿಗೆ ಎಂಜಿನ್ನು ಬಂದು ಗುದ್ದಿದ ಹಾಗೆ ಗೋದಾಮಿನ ಈ ಗೋಡೆಯಿಂದ ಆ ಗೋಡೆಯವರೆಗೆ ಧಡ್ ಧಡ್ ಎಂದು ಹೋಗುತ್ತಿತ್ತು. ಮಾವನವರು ಬೇಸರಿಸದೆ, ರೂಢಿಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವರು. ಟ್ಯಾಂಗೋ ಎಂದರೆ ಇದೇ ಇರಬೇಕು ಎಂದು ನಾನು ತಿಳಿದಿದ್ದೆ. ನನಗಾದರೂ ಹೋಲಿಸಿ ನೋಡಲು ಬೇರೆ ಟ್ಯಾಂಗೋ ಎಲ್ಲಿತ್ತು?

ಅತ್ತೆ ಒಂದು ಶನಿವಾರವೆಲ್ಲ ನೋಡಿ ತೀರ್ಪು ಕೊಟ್ಟರು: "ಕುಸ್ತಿ ಅನ್ನಾಕ ಕುಸ್ತಿ ಅಲ್ಲ. ಹೋಗ್ಲಿ ಬಿಡು, ಇಸ್ಪೀಟಗಿಂತ ಚಲೋ."

ಹೀಗೆ ಎಲ್ಲ ಸುಖವಾಗಿದ್ದಾಗ ಪೋಸ್ಟ್ ಮಾಸ್ತರರ ಹೆಂಡತಿ ಒಂದು ಅರಿಶಿಣ ಕುಂಕುಮಕ್ಕೆ ಹೋದರು, ಅತ್ತೆಯೂ ಹೋದರು. ಮಾಸ್ತರರ ಹೆಂಡತಿಯ ತಮ್ಮ ಮುಂಬಯಿಯಲ್ಲಿದ್ದ. ಟ್ಯಾಂಗೋ ಎಂದರೆ ಗಂಡಸು ಗಂಡಸು ಜಗ್ಗಾಡುವುದಲ್ಲ, ಅದನ್ನು ಗಂಡಸು ಹೆಂಗಸನ್ನು ತಬ್ಬಿಕೊಂಡು ಮಾಡುತ್ತಾರೆ ಎಂದು ಅವನು ಅಕ್ಕನಿಗೆ ಹೇಳಿದ್ದ. ಆಕೆ ಅದನ್ನು ಅತ್ತೆಗೆ ಹೇಳಿ, ಹಾಗಾದರೆ ನಿಮ್ಮವರು ಎಲ್ಲಿ ಕಲಿತರು ಎಂದು ತೀರ ಮುಗ್ಧವಾಗಿ ಕೇಳಿದರಂತೆ.

ಅತ್ತೆ ಮನೆಗೆ ಬಂದವರು ಊಟದವರೆಗೆ ಕಾದರು. ಮಾವನವರು ತಾಟುಗಳ ತಪಾಸಣೆ ಮುಗಿಸಿ ತಲೆಯಾಡಿಸಿದ ಮೇಲೆ ಅತ್ತೆ ರೊಟ್ಟಿ ಹಾಕುತ್ತ ಕೇಳಿದರು.

"ನೀವು ಇದನ್ನ ಯಾರನ್ನ ಹಿಡಕೊಂಡು ಕಲತ್ರಿ?"

ಮಾವನವರು ನೀರು ಕುಡಿದರು.

"ರಾತ್ರಿ ಡ್ಯೂಟಿ, ರಾತ್ರಿ ಡ್ಯೂಟಿ ಅಂತ ಹೋಗ್ತಿದ್ರಲ್ಲ. ಇದ ಏನು ಆ ಡ್ಯೂಟಿ?"

ಮಾವನವರು ಕಿವಿಯವರೆಗೆ ಕೆಂಪಾದರು. ಮಜ್ಜಿಗೆ ಕೇಳಿದರು. ಅತ್ತೆ ಮಜ್ಜಿಗೆ ಹಾಕಿದರು. ಮರುದಿನ ಬೆಳಿಗ್ಗೆ ಒಂದು ಕೈಚೀಲ ಹಿಡಿದುಕೊಂಡು ನವಲಗುಂದದ ಬಸ್ಸು ಹತ್ತಿ ತವರುಮನೆ ತಿರ್ಲಾಪುರಕ್ಕೆ ಹೋಗಿಬಿಟ್ಟರು.

ಮೊದಮೊದಲು ನಾನು ನಕ್ಕೆ. ಅಜ್ಜಿಯಾಗುವ ವಯಸ್ಸಿನಲ್ಲಿ ಸಿಟ್ಟಾಗಿ ತವರಿಗೆ ಹೋಗುವುದೆಂದರೇನು? ಆದರೆ ವಾರ ಕಳೆಯಿತು, ಅತ್ತೆ ಬರಲಿಲ್ಲ. ಕರೆಯಲು ಹೋದ ನನ್ನ ಗಂಡನಿಗೆ ಹೊಟ್ಟೆ ತುಂಬ ಊಟ ಹಾಕಿ ವಾಪಸು ಕಳಿಸಿದರು. ತಾವು ಕೇಳಿದ್ದಕ್ಕೆ ಮಾವನವರು ಉತ್ತರ ಕೊಡಲಿ ಎಂದಷ್ಟೇ ಹೇಳಿ ಕಳಿಸಿದ್ದರು. ಇಲ್ಲಿ ನನ್ನ ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ತೂತು. ಮಾವನವರು ಅವುಗಳನ್ನು ಒಂದು ಮಾತಿಲ್ಲದೆ ತಿನ್ನುತ್ತಿದ್ದರು. ಅವರು ತಪಾಸಣೆ ಮಾಡುವುದನ್ನು ಬಿಟ್ಟರು. ತಾಟುಗಳು ಎಲ್ಲೆಲ್ಲೋ ಇರುತ್ತಿದ್ದವು. ಅವರು ನೋಡುತ್ತಲೂ ಇರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮಾವನವರು ಏನನ್ನೋ ಮುಚ್ಚಿಡುತ್ತಿದ್ದರು. ಮುಚ್ಚಿಟ್ಟದ್ದು ಅತ್ತೆ ಅಂದುಕೊಂಡದ್ದೇ ಆಗಿದ್ದರೆ? ಒಂದು ಮಧ್ಯಾಹ್ನ ಧೈರ್ಯ ಮಾಡಿ, ಹೇಳಿಬಿಡಿ ಮಾವಾರ, ಏನಿದ್ದರೂ ಅತ್ತೆ ಸೈರಿಸಿಕೊಳ್ಳುತ್ತಾರೆ ಎಂದೆ. "ಹೇಳೂವಂಥಾದ್ದಲ್ಲವ್ವಾ ಅದು," ಎಂದು ಅವರು ಗೋಡೆಯ ಕಡೆ ತಿರುಗಿದರು.

ಮುಂದಿನ ಶನಿವಾರವೂ ಊರವರು ಬಂದರು. ಸಾಹುಕಾರರ ಸಕ್ಕರೆ ಇಳಿದಿತ್ತಂತೆ, ಬಿಡುವ ಹಾಗಿರಲಿಲ್ಲ. ಅದೇ ದಿನ, ಗ್ರಾಮೊಫೋನು ಹೇಗಿದೆಯೋ ನೋಡೋಣವೆಂದು ಡ್ರೈವರ್ ಸಾಹೇಬರು ಕೋಲೂರಿಕೊಂಡು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದಿಳಿದರು. ಉದ್ದನೆಯ ಮುದುಕ. ಬಿಳಿ ಮೀಸೆ, ತಲೆಗೆ ಹ್ಯಾಟು. ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದರು. ಸಾಹುಕಾರರು ಹಿಂದಕ್ಕೆ, ಮಾಸ್ತರರು ಹಿಂದಕ್ಕೆ, ದರ್ಜಿ ಹಿಂದಕ್ಕೆ. ಸಾಹೇಬರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂದು, ನಾನು ನೀರು ತಂದುಕೊಡಬೇಕಾಯಿತು.

"ಗಾರ್ಡ್ ಸಾಬ್, ಎಲ್ಲಾರಿಗೂ ಹೆಂಗಸರ ಹೆಜ್ಜಿ ಕಲಿಸಿಬಿಟ್ಟೀ!"

ಸಾಹುಕಾರರು ಮೆಲ್ಲಗೆ ತಮ್ಮ ಕೈಯನ್ನು ಮಾಸ್ತರರ ಬೆನ್ನಿನಿಂದ ತೆಗೆದರು. ಮಾವನವರು ಗ್ರಾಮೊಫೋನಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು.

ಅಲ್ಲಿಗೆ ಎಲ್ಲ ಹೊರಗೆ ಬಂತು. ದೂರದ ಊರಿಗೆ ಗಾಡಿ ಮುಟ್ಟಿಸಿದ ಮೇಲೆ ಡ್ರೈವರು, ಗಾರ್ಡುಗಳು ತಂಗಲು ಸ್ಟೇಷನ್ನಿನಲ್ಲಿ ಒಂದು ಕೋಣೆ ಇರುತ್ತದೆ. ಡ್ರೈವರ್ ಸಾಹೇಬರ ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ರೈಲ್ವೆ ಕಾಲೊನಿಯಲ್ಲಿ ಟ್ಯಾಂಗೋಗೆ ಹೆಸರಾದವರಂತೆ. ಆಮೇಲೆ ಸಾಹೇಬರು ಕಾಲೊನಿಯ ಕುಣಿತಕ್ಕೆ ಹೋಗಲಿಲ್ಲ. ಬೇರೆ ಹೆಂಗಸಿನ ಕೈ ಹಿಡಿಯಲು ಮನಸ್ಸು ಬರಲಿಲ್ಲ. ಆ ಕೋಣೆಯಲ್ಲಿ ಗ್ರಾಮೊಫೋನಿಟ್ಟುಕೊಂಡು ಸುಮ್ಮನೆ ಕೂರುವರು. ಅದನ್ನು ನೋಡಲಾರದೆ ಒಂದು ಸಂಜೆ ನಮ್ಮ ಮಾವನವರು ಎದ್ದು, ನಿಮ್ಮ ಮನೆಯವರು ಹೇಗೆ ನಡೆಯುತ್ತಿದ್ದರೋ ನನಗೆ ತೋರಿಸಿ, ನಾನು ನಡೆಯುತ್ತೇನೆ ಎಂದರಂತೆ. ಕಲಿತದ್ದು ಹಾಗೆ. ಅವರಿಗೆ ಗೊತ್ತಿದ್ದುದು ಗಂಡಸು ಮುಂದಕ್ಕೆ ಬಂದಂತೆ ಹೆಂಗಸು ಹಿಂದಕ್ಕೆ ಇಡುವ ಆ ಹೆಜ್ಜೆ ಒಂದೇ. ಹೆಂಗಸರ ಜೊತೆ ಕುಣಿದರು ಎಂದು ಹೆಂಡತಿ ಬೈದರೆ ಹೇಗೋ ತಡೆದುಕೊಳ್ಳಬಹುದು, ಹೆಂಗಸಾಗಿ ಕುಣಿದೆ ಎಂದು ಯಾವ ಬಾಯಿಂದ ಹೇಳುವುದು? ಇದು ನಮ್ಮ ಮಾವನವರ ಲೆಕ್ಕ!

ನನಗೆ ಅಲ್ಲೇ ಕುಣಿಯಬೇಕೆನ್ನುವಷ್ಟು ನಿರಾಳವಾಯಿತು. ಅತ್ತೆಯ ಮುಂದೆಯೂ ಇದನ್ನೇ ಹೇಳಬೇಕೆಂದು ಸಾಹೇಬರನ್ನು ಕೇಳಿಕೊಂಡೆ. ಮರುದಿನ ಮಾವನವರು, ಸಾಹೇಬರು, ನಾನು, ಗ್ರಾಮೊಫೋನು, ನಾಲ್ಕೂ ಜನ ತಿರ್ಲಾಪುರಕ್ಕೆ ಹೊರಟೆವು. ಸೀಟಿ ಊದಲು ಮಾವನವರಲ್ಲಿ ಉಸಿರಿರಲಿಲ್ಲ.

ಹತ್ತಿ ಬಿಡಿಸುವ ಕಾಲ. ಅತ್ತೆಯ ಅಣ್ಣನ ಮನೆಯ ಪಡಸಾಲೆಯಲ್ಲಿ ಅರ್ಧಕ್ಕೆ ಹತ್ತಿಯ ರಾಶಿ ಬಿದ್ದಿತ್ತು. ಅತ್ತೆ ಕಂಬಕ್ಕೆ ಆತುಕೊಂಡು, ಸೆರಗು ಬಿಗಿದು ಕೂತರು. ಸಾಹೇಬರು ತಮ್ಮ ಹಿಂದಿ ಬೆರೆತ ಕನ್ನಡದಲ್ಲಿ ಎಲ್ಲ ಹೇಳಿದರು. ಅತ್ತೆ ನಂಬಲಿಲ್ಲ. "ಇವರು? ಇವರು ಹೆಂಗಸಿನಂಗ?" ಎಂದರು. ಸಾಹೇಬರು ಕೋಲನ್ನು ಗೋಡೆಗೆ ಒರಗಿಸಿ ಎದ್ದು ನಿಂತರು. ನಾನು ಚಾವಿ ತಿರುಗಿಸಿದೆ.

ಆ ಸಂಕಟದ ಮನುಷ್ಯ ಹಾಡಲು ಶುರು ಮಾಡಿದ. ಮಾವನವರು ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟು, ಸಾಹೇಬರ ಭುಜದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದರು. ಮುಂದಕ್ಕೆ ಸಾಹೇಬರು, ಹಿಂದಕ್ಕೆ ಮಾವನವರು. ಜಗ್ಗಾಟವಿಲ್ಲ, ಗುದ್ದಾಟವಿಲ್ಲ. ದಪ್ಪ ಮೈಯ ಮಾವನವರು ಅಷ್ಟು ಹಗುರಾಗಿ ಹೆಜ್ಜೆಯಿಡಬಲ್ಲರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹತ್ತಿಯ ರಾಶಿಯನ್ನು ಒಂದು ಸುತ್ತು ಹಾಕಿ ಬಂದರು. ಎರಡನೆಯ ತಿರುವಿನಲ್ಲಿ ಸಾಹೇಬರ ಮೊಳಕಾಲು ಕೈಕೊಟ್ಟು ಹಿಡಿತ ತಪ್ಪಿತು, ಮಾವನವರು ಹಿಂದುಹಿಂದಕ್ಕೇ ಹೋಗಿ ಹತ್ತಿಯಲ್ಲಿ ಸೊಂಟದವರೆಗೆ ಹೂತುಹೋದರು.

ಮೊದಲು ನಕ್ಕವರು ಅತ್ತೆ. ಸೆರಗು ಬಾಯಿಗೆ ಹಿಡಿದರೂ ನಿಲ್ಲಲಿಲ್ಲ. ಕಣ್ಣು ಒರೆಸಿಕೊಂಡು ಸಾಹೇಬರನ್ನು ಕೇಳಿದರು, ಇವರ ಹೆಜ್ಜೆ ನಿಮ್ಮ ಮನೆಯವರ ಹೆಜ್ಜೆಗೆ ಹೋಲುತ್ತಿತ್ತೇ ಎಂದು.

"ಎಲ್ಲಿದು ಅಕ್ಕಾ," ಎಂದರು ಸಾಹೇಬರು. "ಅಕಿ ಮೇಲ್ ಗಾಡಿ, ಇವ ಗೂಡ್ಸು. ಆದ್ರ ಒಂದ ದಿನಾನೂ ಒಲ್ಲೆ ಅನ್ನಲಿಲ್ಲ."

ಅತ್ತೆಯ ನಗು ನಿಂತಿತು. ಹತ್ತಿಯಿಂದ ಏಳಲು ಒದ್ದಾಡುತ್ತಿದ್ದ ಗಂಡನನ್ನು ಸ್ವಲ್ಪ ಹೊತ್ತು ನೋಡಿದರು. ಅಷ್ಟು ಹೇಳಲು ನಿಮಗೇನಾಗಿತ್ತು ಎಂದು ಬೈದರು. ನೀನು ನಗುತ್ತೀ ಎಂದು ಹೇಳಲಿಲ್ಲ ಎಂದರು ಮಾವನವರು. ಅತ್ತೆ ಒಳಗೆ ಹೋಗಿ ಕೈಚೀಲ ತಂದರು. "ನಡೀರಿ, ಬಸ್ಸು ತಪ್ಪತೈತಿ," ಎಂದರು. ಅತ್ತೆ ಮನೆಗೆ ಮರಳಿದ್ದರಿಂದ ಯಾರಿಗೆ ಹೆಚ್ಚು ಸಂತೋಷವಾಯಿತೋ, ಮಾವನವರಿಗೋ, ನನ್ನ ರೊಟ್ಟಿ ತಿನ್ನುತ್ತಿದ್ದ ನನ್ನ ಗಂಡನಿಗೋ!

ಸಾಹೇಬರು ನಮ್ಮಲ್ಲೇ ಕೆಲವು ದಿನ ಇದ್ದು ಮುಂದಕ್ಕೆ ಇಡುವ ಗಂಡಸರ ಹೆಜ್ಜೆ ಕಲಿಸಿದರು. ಈಗ ಹೊಸ ಜಗಳ: ಹಿಂದಕ್ಕೆ ಹೋಗುವವರು ಯಾರು? ಅದು ಹೆಂಗಸರ ಹೆಜ್ಜೆಯೆಂದು ಗೊತ್ತಾದ ಮೇಲೆ ಒಬ್ಬರೂ ತಯಾರಿಲ್ಲ. ಎಲ್ಲರೂ ಮುಂದಕ್ಕೆ ಬಂದು ಹೊಟ್ಟೆಗೆ ಹೊಟ್ಟೆ ಡಿಕ್ಕಿ. ಕಡೆಗೆ ದರ್ಜಿಯ ಹೆಂಡತಿ ಬಂದಳು, ಬೇಸತ್ತು. ಆಮೇಲೆ ಮಾಸ್ತರರ ಹೆಂಡತಿ. ಬಾಗಿಲು ಮುಂದೆ ಮಾಡಿಕೊಂಡು, ಗಂಡ ಹೆಂಡಿರು ಮಾತ್ರ ಎಂಬ ಕಟ್ಟುನಿಟ್ಟಿನಲ್ಲಿ, ನಮ್ಮ ಗೋದಾಮಿನ ಶನಿವಾರಗಳು ಬಹಳ ಕಾಲ ನಡೆದವು. ಅತ್ತೆ ಮಾತ್ರ ಚಹಾ ಕೊಟ್ಟು ಒಳಗೆ ಬರುತ್ತಿದ್ದರು. ಎಷ್ಟು ಕರೆದರೂ ನನಗೆ ಬೇಡ ಎನ್ನುವರು.

ಒಂದು ಮಧ್ಯಾಹ್ನ ಶೇಂಗಾ ತರಲು ನಾನು ಹಿತ್ತಲಿಗೆ ಹೋದೆ. ಗೋದಾಮಿನ ಬಾಗಿಲು ಅರೆತೆರೆದಿತ್ತು. ಗ್ರಾಮೊಫೋನು ಮುಚ್ಚಿತ್ತು. ಕಿಟಕಿಯ ಬಿಸಿಲಿನಲ್ಲಿ ಅತ್ತೆ ಮುಂದಕ್ಕೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು, ಮಾವನವರು ಹಿಂದಕ್ಕೆ ಹೋಗುತ್ತಿದ್ದರು. ನಾನು ಸದ್ದಿಲ್ಲದೆ ಬಂದುಬಿಟ್ಟೆ.

ಸಂಜೆ ರೊಟ್ಟಿ ಬಡಿಯುತ್ತ ಅತ್ತೆ ತಾವಾಗಿ ಹೇಳಿದರು. ಮದುವೆಯಾಗಿ ಬಂದಾಗ ಮನೆ ತುಂಬ ಜನರಿದ್ದರಂತೆ. ಹಿರಿಯರೆದುರು ಗಂಡನ ಮುಖ ನೋಡುವ ಹಾಗಿರಲಿಲ್ಲ. ಮೇಲೆ ಅವರಿಗೆ ರಾತ್ರಿ ಡ್ಯೂಟಿ. ಆಮೇಲೆ ಮಕ್ಕಳು. ಆಮೇಲೆ ರೂಢಿ ತಪ್ಪಿಹೋಯಿತು.

"ಬೆಳಕಿನಾಗ ಅವರ ಮಾರಿ ಇಷ್ಟು ಹತ್ರ ನಾ ಇವತ್ತ ನೋಡಿದ್ದು," ಎಂದರು. ರೊಟ್ಟಿಯನ್ನು ಹಂಚಿಗೆ ಹಾಕಿ, ದನಿ ತಗ್ಗಿಸಿ ಕೇಳಿದರು: "ಎಡಗಣ್ಣಿನ ಕೆಳಗ ಒಂದು ಮಚ್ಚಿ ಐತಿ. ನಿನಗ ಗೊತ್ತಿತ್ತೇನು?"

ಅಣ್ಣಿಗೇರಿಯಲ್ಲಿ ಆ ಮಚ್ಚೆ ಗೊತ್ತಿಲ್ಲದವರು ಯಾರೂ ಇರಲಿಲ್ಲ.

"ಇಲ್ರೀ ಅತ್ತಿ," ಎಂದೆ.